ಕೋರ್ಟು ಅಂಕ ಕೊಡುವುದಿಲ್ಲ!

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಶಾಲೆಯ ಜಗಲಿಯಲ್ಲಿ ಜನ ಸೇರುವುದು ಪ್ರತಿವರ್ಷದ ರೂಢಿ. ಒಳ್ಳೆಯ ಅಂಕ ಬಂದವರು ಸಿಹಿ ಹಿಡಿದುಕೊಂಡು ಬರುತ್ತಾರೆ. ಅಂಕ ಕಡಿಮೆಯಾಯಿತು ಎನ್ನುವವರು ಮರುಎಣಿಕೆಗೆ ಹಾಕಬೇಕೋ, ಮರುಮೌಲ್ಯಮಾಪನಕ್ಕೆ ಹಾಕಬೇಕೋ ಎಂದು ಕೇಳಲು ಬರುತ್ತಾರೆ. ಒಮ್ಮೆ ಹೀಗೆ ಬಂದವರ ನಡುವೆ ಕಾಪು ಕಡೆಯ ಒಬ್ಬ ತಂದೆಯೂ ಇದ್ದರು. ಮಗಳ ಫಲಿತಾಂಶ ಚೆನ್ನಾಗಿಯೇ ಇತ್ತು. ಅವರ ಚಿಂತೆಯೆಲ್ಲ ಮಗನದ್ದು. ಅವನೂ ನನ್ನ ವಿದ್ಯಾರ್ಥಿಯೇ. ಸಾಲ ಮಾಡಿ ಕೆನಡಾಕ್ಕೆ ಓದಲು ಹೋಗಿದ್ದ. ಓದು ಮುಗಿದಿತ್ತು, ಅಲ್ಲಿರಲು ಕೊಟ್ಟಿದ್ದ ಅವಧಿಯೂ ಮುಗಿಯುತ್ತ ಬಂದಿತ್ತು. ಏಜೆಂಟನೊಬ್ಬ ಅವನಿಗೊಂದು ದಾರಿ ಹೇಳಿಕೊಟ್ಟಿದ್ದನಂತೆ. ‘ನಿರಾಶ್ರಿತ ಎಂದು ಅರ್ಜಿ ಹಾಕು, ಕಥೆ ನಾನು ಬರೆದುಕೊಡುತ್ತೇನೆ. ತಿರಸ್ಕಾರವಾದರೂ ಹೆದರಬೇಡ, ಕೋರ್ಟು ಇದೆ.’

‘ಮಾಸ್ಟ್ರೇ, ಇದೂ ನಿಮ್ಮ ಮರುಮೌಲ್ಯಮಾಪನದ ಹಾಗೆಯೇ ಅಲ್ವಾ? ಒಮ್ಮೆ ಫೇಲ್ ಅಂದ್ರೂ ಕೋರ್ಟಿನಲ್ಲಿ ಪಾಸಾಗಬಹುದಲ್ವಾ?’ ಎಂದು ಆ ತಂದೆ ಕೇಳಿದರು.

ನಾನು ವಿಜ್ಞಾನ ಕಲಿಸುವವನು, ವಕೀಲನಲ್ಲ. ಅಂದು ಉತ್ತರ ಕೊಡಲಾಗಲಿಲ್ಲ. ಆಮೇಲೆ ಉಡುಪಿಯಲ್ಲಿ ವಕೀಲಿ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿ, ಅವನು ಕೊಟ್ಟ ತೀರ್ಪುಗಳನ್ನು ಓದಿದೆ. ಆ ತಂದೆಗೆ ಆಮೇಲೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮಣಿಪಾಲ, ಉಡುಪಿ, ಕಾರ್ಕಳದ ಎಷ್ಟೋ ಮನೆಗಳಲ್ಲಿ ಇಂದು ಒಬ್ಬ ಮಗನೋ ಮಗಳೋ ಪರದೇಶದಲ್ಲಿರುವುದರಿಂದ ಇದು ಎಲ್ಲರಿಗೂ ಬೇಕಾದ ವಿಷಯ.

ನಿರಾಶ್ರಿತ ಎಂದರೆ ಯಾರು?

1990ರ ಆಗಸ್ಟಿನಲ್ಲಿ ಇರಾಕ್ ಸೈನ್ಯ ಕುವೈತಿನೊಳಗೆ ನುಗ್ಗಿದಾಗ ಅಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಜನ ಉಟ್ಟ ಬಟ್ಟೆಯಲ್ಲಿ ಹೊರಟು, ಮರುಭೂಮಿ ದಾಟಿ, ಜೋರ್ಡಾನಿನ ಅಮ್ಮಾನ್ ತಲುಪಿ ಏರ್ ಇಂಡಿಯಾ ವಿಮಾನಗಳಲ್ಲಿ ಊರು ಸೇರಿದ್ದು ಹಿರಿಯರಿಗೆ ನೆನಪಿರಬಹುದು. ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಹಾಗೆ ಮರಳಿದರು. ಮನೆ, ಕೆಲಸ, ಉಳಿತಾಯ ಎಲ್ಲವನ್ನೂ ಕಳೆದುಕೊಂಡವರು ಅವರು. ಆದರೂ ಕಾನೂನಿನ ಲೆಕ್ಕದಲ್ಲಿ ನಿರಾಶ್ರಿತರಲ್ಲ. ಏಕೆಂದರೆ ಅವರನ್ನು ಕರೆದುಕೊಳ್ಳಲು, ಕಾಪಾಡಲು ಸ್ವಂತ ದೇಶವೊಂದಿತ್ತು.

ಯಾರಿಗೆ ಸ್ವಂತ ದೇಶಕ್ಕೆ ಮರಳುವುದೇ ಅಪಾಯವೋ ಅವರೇ ನಿರಾಶ್ರಿತರು. ಎರಡನೆಯ ಮಹಾಯುದ್ಧದ ಬಳಿಕ, 1951ರಲ್ಲಿ, ವಿಶ್ವಸಂಸ್ಥೆಯ ಆಶ್ರಯದಲ್ಲಿ ಒಂದು ಒಪ್ಪಂದವಾಯಿತು. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ ಈ ಐದು ಕಾರಣಗಳಲ್ಲಿ ಒಂದರಿಂದ ತನ್ನ ದೇಶದಲ್ಲಿ ಹಿಂಸೆಗೆ ಗುರಿಯಾಗುವ ಆಧಾರಸಹಿತ ಭಯ ಇರುವವನು, ತನ್ನ ಸರಕಾರದ ರಕ್ಷಣೆ ಪಡೆಯಲಾಗದವನು ನಿರಾಶ್ರಿತ ಎಂದು ಅದು ಹೇಳಿತು. ಅಂಥವನನ್ನು ಅಪಾಯವಿರುವ ನೆಲಕ್ಕೆ ಹಿಂದೆ ತಳ್ಳಬಾರದು ಎಂಬುದು ಅದರ 33ನೆಯ ವಿಧಿ. ಬಡತನ, ನಿರುದ್ಯೋಗ, ಸಾಲ ಈ ಪಟ್ಟಿಯಲ್ಲಿ ಇಲ್ಲ. ಇವು ಕಷ್ಟಗಳಲ್ಲ ಎಂದಲ್ಲ, ಆದರೆ ಈ ಒಪ್ಪಂದ ಅವುಗಳಿಗಾಗಿ ಹುಟ್ಟಿದ್ದಲ್ಲ.

ಓಡಿಬಂದವರಿಗೆ ನೆಲೆ ಕೊಡುವುದು ನಮ್ಮ ಕರಾವಳಿಗೆ ಹೊಸತೇನೂ ಅಲ್ಲ. 16ನೆಯ ಶತಮಾನದಿಂದ ಪೋರ್ಚುಗೀಸರ ಕಾಲದ ಗೋವೆಯನ್ನು ಬಿಟ್ಟು ದಕ್ಷಿಣಕ್ಕೆ ಇಳಿದ ಕೊಂಕಣಿ ಮನೆತನಗಳು, ಹಿಂದೂಗಳೂ ಕ್ರೈಸ್ತರೂ, ಕಾರ್ಕಳದಲ್ಲಿ, ಉಡುಪಿಯಲ್ಲಿ, ಕಲ್ಯಾಣಪುರದಲ್ಲಿ ಬೇರೂರಿದವು. ಆಗ ಅರ್ಜಿ ನಮೂನೆಗಳಿರಲಿಲ್ಲ. ಊರಿನ ಅರಸರು ಒಪ್ಪಿದರೆ ನೆಲೆ ಸಿಗುತ್ತಿತ್ತು, ಒಪ್ಪದಿದ್ದರೆ ಮುಂದಿನ ಊರಿಗೆ ನಡೆಯಬೇಕಾಗುತ್ತಿತ್ತು. ‘ಯಾಕೆ ಬೇಡವೆಂದಿರಿ?’ ಎಂದು ಅರಸನನ್ನು ಕೇಳಲು ಸಾಧ್ಯವಿರಲಿಲ್ಲ. ಈಗ ಕೇಳಬಹುದು. ಆ ಕೇಳುವಿಕೆಗೆ ನ್ಯಾಯಿಕ ವಿಮರ್ಶೆ ಎಂದು ಹೆಸರು.

ಉತ್ತರಪತ್ರಿಕೆಯ ಹೋಲಿಕೆ

ಮಕ್ಕಳಿಗೆ ಅರ್ಥವಾಗುವಂತೆ ಹೇಳುತ್ತೇನೆ. ಮರುಮೌಲ್ಯಮಾಪನದಲ್ಲಿ ಇನ್ನೊಬ್ಬ ಮೌಲ್ಯಮಾಪಕ ನಿಮ್ಮ ಉತ್ತರಗಳನ್ನು ಮೊದಲಿನಿಂದ ಓದಿ ತನ್ನದೇ ಅಂಕ ಕೊಡುತ್ತಾನೆ. ಕಾನೂನಿನಲ್ಲಿ ಇದಕ್ಕೆ ಸಮೀಪದ್ದು ಮೇಲ್ಮನವಿ. ನ್ಯಾಯಿಕ ವಿಮರ್ಶೆ ಹಾಗಲ್ಲ. ಅಲ್ಲಿ ನ್ಯಾಯಾಧೀಶರು ‘ಈ ಉತ್ತರಕ್ಕೆ ನಾನಾಗಿದ್ದರೆ ಎಷ್ಟು ಅಂಕ ಕೊಡುತ್ತಿದ್ದೆ?’ ಎಂದು ಯೋಚಿಸುವುದಿಲ್ಲ. ಅವರ ಪ್ರಶ್ನೆಗಳು ಬೇರೆ. ಮೌಲ್ಯಮಾಪಕ ಎಲ್ಲ ಪುಟಗಳನ್ನು ಓದಿದ್ದಾನೆಯೇ? ಹೆಚ್ಚುವರಿ ಹಾಳೆ ನೋಡಿದ್ದಾನೆಯೇ? ನಿಯಮದಂತೆ ನಡೆದಿದ್ದಾನೆಯೇ? ವಿದ್ಯಾರ್ಥಿಯ ಮೇಲೆ ಹಗೆ ಇಟ್ಟುಕೊಂಡಿದ್ದನೇ? ಅಂಕ ಕಳೆದದ್ದಕ್ಕೆ ಕಾರಣ ಕೊಟ್ಟಿದ್ದಾನೆಯೇ? ಎಲ್ಲೋ ತಪ್ಪಿದ್ದಾನೆ ಎಂದು ಕಂಡರೆ ಕೋರ್ಟು ತಾನೇ ಅಂಕ ಹಾಕುವುದಿಲ್ಲ. ಹೆಚ್ಚಾಗಿ ಹಳೆಯ ನಿರ್ಧಾರವನ್ನು ರದ್ದುಮಾಡಿ, ‘ಸರಿಯಾಗಿ ನೋಡಿ’ ಎಂದು ಅಧಿಕಾರಿಗಳಿಗೇ ಹಿಂದೆ ಕಳುಹಿಸುತ್ತದೆ. ಎರಡನೆಯ ಸಲ ನೋಡಿದವರೂ ‘ಇಲ್ಲ’ ಎನ್ನಬಹುದು.

ಇಷ್ಟಕ್ಕೇ ಕೋರ್ಟು ಯಾಕೆ ಬೇಕು ಎಂದು ಕೇಳಬಹುದು. ಪ್ರಯೋಗಶಾಲೆಯಲ್ಲಿ ಸಂದೇಹ ಬಂದರೆ ಪ್ರಯೋಗವನ್ನು ಇನ್ನೊಮ್ಮೆ ಮಾಡುತ್ತೇವೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾದರೆ ಮತ್ತೆ ಬರೆಯಬಹುದು. ಆದರೆ ಒಬ್ಬ ಮನುಷ್ಯನನ್ನು ಹಿಂದಕ್ಕೆ ಕಳುಹಿಸಿ, ‘ಅಪಾಯ ನಿಜವಾಗಿಯೂ ಇತ್ತೋ ಇಲ್ಲವೋ’ ಎಂದು ಪರೀಕ್ಷಿಸಿ ನೋಡಲಾಗದು. ಇತ್ತು ಎಂದು ತಿಳಿಯುವಷ್ಟರಲ್ಲಿ ಅವನೇ ಇರುವುದಿಲ್ಲ. ಮರುಪರೀಕ್ಷೆಯೇ ಇಲ್ಲದ ಪರೀಕ್ಷೆ ಇದು. ಆದ್ದರಿಂದ ಮೊದಲ ಮೌಲ್ಯಮಾಪನ ಶುದ್ಧವಾಗಿ ನಡೆಯಿತೇ ಎಂದು ನೋಡಲು ಇನ್ನೊಂದು ಕಣ್ಣು ಬೇಕು.

ಏಳು ಮಂದಿಯ ಪ್ರಶ್ನೆ

ಕೆನಡಾದ ಇಂದಿನ ಪದ್ಧತಿಯ ಹಿಂದೆ ನಮ್ಮ ದೇಶದಿಂದ ಹೋದವರ ಹೋರಾಟವೇ ಇದೆ. 1985ರ ಏಪ್ರಿಲ್ 4ರಂದು ಅಲ್ಲಿನ ಸುಪ್ರೀಂ ಕೋರ್ಟು ‘ಸಿಂಗ್’ ಪ್ರಕರಣವೆಂದು ಹೆಸರಾದ ತೀರ್ಪನ್ನು ಕೊಟ್ಟಿತು. ಅರ್ಜಿದಾರರು ಏಳು ಮಂದಿ. ಹೆಚ್ಚಿನವರು ಭಾರತದಿಂದ ಹೋಗಿದ್ದ ಸಿಖ್ಖರು. ಅಂದಿನ ನಿಯಮದಂತೆ ಒಬ್ಬ ಅಧಿಕಾರಿ ಪ್ರಮಾಣ ಮಾಡಿಸಿ ಹೇಳಿಕೆ ಬರೆದುಕೊಳ್ಳುತ್ತಿದ್ದ. ನಿರ್ಧಾರ ಮಾಡುವವರು ಬೇರೆ. ಅವರು ಅರ್ಜಿದಾರನ ಮುಖವನ್ನೇ ನೋಡದೆ, ಬರೆದ ಕಾಗದವನ್ನಷ್ಟೇ ಓದಿ ‘ಇಲ್ಲ’ ಎನ್ನಬಹುದಿತ್ತು. ಯಾಕೆ ನಂಬಲಿಲ್ಲ ಎಂಬುದನ್ನು ಎದುರು ನಿಂತು ಕೇಳಿ ಉತ್ತರಿಸುವ ಅವಕಾಶ ಅರ್ಜಿದಾರನಿಗೆ ಇರಲಿಲ್ಲ.

ಒಬ್ಬ ಮನುಷ್ಯ ಹೇಳುವುದು ನಿಜವೋ ಸುಳ್ಳೋ ಎಂಬುದೇ ಪ್ರಶ್ನೆಯಾದಾಗ ಅವನ ಮಾತನ್ನು ಎದುರಿಗೆ ಕೂರಿಸಿ ಕೇಳಲೇಬೇಕು ಎಂದು ನ್ಯಾಯಾಲಯ ಹೇಳಿತು. ತೀರ್ಪು ಬರೆದವರಲ್ಲಿ ಒಬ್ಬರು ನ್ಯಾಯಮೂರ್ತಿ ಬರ್ಥಾ ವಿಲ್ಸನ್. ದೇಶದೊಳಗಿರುವ ಪ್ರತಿಯೊಬ್ಬ ವ್ಯಕ್ತಿಗೂ, ಅವನು ಪ್ರಜೆಯಾಗಿರಲಿ ಇಲ್ಲದಿರಲಿ, ಈ ರಕ್ಷಣೆ ಇದೆ ಎಂದರು. ಆ ಏಳು ಮಂದಿ ನಿರಾಶ್ರಿತರೇ ಎಂಬುದನ್ನು ಕೋರ್ಟು ನಿರ್ಧರಿಸಲಿಲ್ಲ. ಸರಿಯಾಗಿ ಕೇಳಿ ನಿರ್ಧರಿಸಿ ಎಂದು ಹಿಂದೆ ಕಳುಹಿಸಿತು. ಇದರ ಫಲವಾಗಿ 1989ರಲ್ಲಿ ಕೆನಡಾದಲ್ಲಿ ನಿರಾಶ್ರಿತರ ಅರ್ಜಿ ಕೇಳಲೆಂದೇ ಒಂದು ಮಂಡಳಿ ಆರಂಭವಾಯಿತು. 2012ರ ಕೊನೆಯಲ್ಲಿ ಅದರೊಳಗೆ ಮೇಲ್ಮನವಿ ವಿಭಾಗವೂ ಬಂತು.

ಅಲ್ಲೂ ‘ಇಲ್ಲ’ ಎಂದಾದರೆ ಮುಂದಿನದು ಫೆಡರಲ್ ಕೋರ್ಟು. ಆದರೆ ಯಾರು ಬೇಕಾದರೂ ನೇರವಾಗಿ ಒಳಗೆ ಹೋಗುವಂತಿಲ್ಲ. ದೇಶದೊಳಗೆ ಆದ ನಿರ್ಧಾರವಾದರೆ ಅದು ಕೈಸೇರಿದ 15 ದಿನಗಳೊಳಗೆ ಮೊದಲು ‘ನನ್ನ ಅರ್ಜಿ ಕೇಳಲು ಅನುಮತಿ ಕೊಡಿ’ ಎಂದು ಬೇಡಬೇಕು. ಅನುಮತಿ ಸಿಗದಿದ್ದರೆ ಅಲ್ಲಿಗೇ ಮುಗಿಯಿತು, ಅದರ ಮೇಲೆ ಅಪೀಲು ಇಲ್ಲ. ಸಿಕ್ಕರೆ ನಿರ್ಧಾರದ ಹಿಂದಿನ ಕಾರಣಗಳನ್ನು ಕೋರ್ಟು ಓದುತ್ತದೆ. 2019ರ ಡಿಸೆಂಬರಿನಲ್ಲಿ ‘ವಾವಿಲೋವ್’ ಎಂಬ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದಕ್ಕೊಂದು ಅಳತೆಗೋಲು ಕೊಟ್ಟಿತು. ಅಧಿಕಾರಿ ಕೊಟ್ಟ ಕಾರಣಗಳಲ್ಲಿ ತರ್ಕದ ಸರಪಳಿ ಇರಬೇಕು, ಎದುರಿಗಿದ್ದ ಸಾಕ್ಷ್ಯಕ್ಕೂ ಕಾನೂನಿಗೂ ಅದು ಹೊಂದಬೇಕು. ಗಣಿತದ ಮೇಷ್ಟ್ರು ಉತ್ತರ ಮಾತ್ರ ನೋಡದೆ ಹಂತಗಳನ್ನೂ ನೋಡುತ್ತಾರಲ್ಲ, ಹಾಗೆ.

ಭಾರತೀಯರ ಅರ್ಜಿಗಳಲ್ಲಿ ಪದೇ ಪದೇ ಬರುವ ಪ್ರಶ್ನೆಯೊಂದನ್ನೂ ಹೇಳಬೇಕು. ‘ನಿನಗೆ ನಿನ್ನ ಊರಿನಲ್ಲಿ ಅಪಾಯವಿದೆ ಎಂದೇ ಇಟ್ಟುಕೊಳ್ಳೋಣ. ಅಷ್ಟು ದೊಡ್ಡ ದೇಶದಲ್ಲಿ ಬೇರೆ ಊರಿಗೆ ಹೋಗಿ ಸುರಕ್ಷಿತವಾಗಿ ಬದುಕಲಾರೆಯಾ?’ ಕಾಪುವಿನಲ್ಲಿ ಒಬ್ಬ ಸಾಲಗಾರ ಬೆದರಿಸಿದ ಎಂದು ಬರೆದವನನ್ನು, ಮುಂಬಯಿಯಲ್ಲೋ ಕೋಲ್ಕತ್ತಾದಲ್ಲೋ ಯಾಕೆ ಇರಲಾಗದು ಎಂದು ಮಂಡಳಿ ಕೇಳುತ್ತದೆ. ಅದಕ್ಕೆ ಸಮರ್ಪಕ ಉತ್ತರವಿಲ್ಲದಿದ್ದರೆ ಅರ್ಜಿ ಅಲ್ಲಿಯೇ ಬಿದ್ದುಹೋಗುತ್ತದೆ. ಏಜೆಂಟ್ ಬರೆದುಕೊಟ್ಟ ಕಥೆಯಲ್ಲಿ ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ನಮ್ಮ ದೇಶದಲ್ಲಿ

ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಇರುವ ಕಾಯ್ದೆಯೂ ನಮ್ಮಲ್ಲಿಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರಿನಿಂದ ಹೊಸ ಕಾಯ್ದೆ ಬಂದಿದೆ. ಅದರಲ್ಲೂ ನಿರಾಶ್ರಿತ ಎಂಬುದಕ್ಕೆ ಬೇರೆ ವ್ಯಾಖ್ಯೆಯಿಲ್ಲ. ಮಣಿಪಾಲಕ್ಕೆ ಓದಲು ಬಂದವನಾಗಲಿ, ಜೀವ ಉಳಿಸಿಕೊಳ್ಳಲು ಓಡಿಬಂದವನಾಗಲಿ, ಕಾಯ್ದೆಯ ಕಣ್ಣಿಗೆ ಇಬ್ಬರೂ ‘ವಿದೇಶಿಯರು’. ಟಿಬೆಟಿಯನ್ನರು, ಶ್ರೀಲಂಕಾದ ತಮಿಳರು ಮುಂತಾದವರನ್ನು ಸರಕಾರ ಆಗಾಗ ಹೊರಡಿಸಿದ ಆದೇಶಗಳ ಮೂಲಕ ನೋಡಿಕೊಂಡಿದೆ. ಇನ್ನು ಕೆಲವು ದೇಶಗಳವರ ಅರ್ಜಿಗಳನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ದೆಹಲಿಯಲ್ಲಿ ಪರಿಶೀಲಿಸುತ್ತ ಬಂದಿದೆ.

ಕಾಯ್ದೆಯೇ ಇಲ್ಲದಾಗ ಕೋರ್ಟು ಏನನ್ನು ಹಿಡಿದುಕೊಂಡು ವಿಮರ್ಶೆ ಮಾಡುತ್ತದೆ? ಸಂವಿಧಾನವನ್ನು. 14ನೆಯ ವಿಧಿಯ ಸಮಾನತೆ, 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ, ಈ ಎರಡರಲ್ಲೂ ‘ಪ್ರಜೆ’ ಎಂದಿಲ್ಲ, ‘ವ್ಯಕ್ತಿ’ ಎಂದಿದೆ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಸಮಾಜ ವಿಜ್ಞಾನದ ಪಾಠದಲ್ಲಿ ಈ ವ್ಯತ್ಯಾಸವನ್ನು ಗಮನಿಸಬೇಕು. ಆ ಒಂದು ಶಬ್ದದ ಮೇಲೆ ಎಷ್ಟೋ ಜೀವಗಳು ನಿಂತಿವೆ. ಸರಕಾರದ ನಿರ್ಧಾರವನ್ನು 226ನೆಯ ವಿಧಿಯಂತೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಪ್ರಶ್ನಿಸಬಹುದು. ಉಡುಪಿ ಜಿಲ್ಲೆಯವರಿಗಾದರೆ ಅದು ಬೆಂಗಳೂರಿನ ಪ್ರಧಾನ ಪೀಠ.

ಇದರ ಬಲ ತಿಳಿದದ್ದು 1996ರ ಜನವರಿಯಲ್ಲಿ. ಪೂರ್ವ ಪಾಕಿಸ್ತಾನದ ಕರ್ಣಫುಲಿ ನದಿಗೆ ಕಪ್ತಾಯಿ ಎಂಬಲ್ಲಿ ಕಟ್ಟಿದ ಅಣೆಕಟ್ಟಿನಿಂದ ನೆಲ ಕಳೆದುಕೊಂಡ ಚಕ್ಮಾ ಜನ 1964ರ ಹೊತ್ತಿಗೆ ಭಾರತಕ್ಕೆ ಬಂದು ಇಂದಿನ ಅರುಣಾಚಲ ಪ್ರದೇಶದಲ್ಲಿ ನೆಲೆಯಾಗಿದ್ದರು. ಮೂವತ್ತು ವರ್ಷಗಳ ಬಳಿಕ ಅವರನ್ನು ಬಲವಂತದಿಂದ ಓಡಿಸುವ ಬೆದರಿಕೆ ಎದುರಾಯಿತು. ಅವರು ಕೊಟ್ಟ ಪೌರತ್ವದ ಅರ್ಜಿಗಳನ್ನು ಸ್ಥಳೀಯ ಅಧಿಕಾರಿಗಳು ಕೇಂದ್ರಕ್ಕೆ ಕಳುಹಿಸಲೇ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸುಪ್ರೀಂ ಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಎ. ಎಂ. ಅಹ್ಮದಿಯವರ ಪೀಠ, ಪ್ರಜೆಯಾಗಲಿ ಅಲ್ಲದಿರಲಿ ಪ್ರತಿಯೊಬ್ಬನ ಜೀವ ಕಾಯುವುದು ರಾಜ್ಯದ ಹೊಣೆ ಎಂದಿತು. ಪೌರತ್ವವನ್ನು ಕೋರ್ಟು ತಾನೇ ಕೊಟ್ಟಿತೇ? ಇಲ್ಲ. ಅರ್ಜಿಗಳನ್ನು ಮುಂದಕ್ಕೆ ಕಳುಹಿಸಿ, ನಿರ್ಧಾರ ಆಗುವ ತನಕ ಅವರನ್ನು ಎಬ್ಬಿಸಬೇಡಿ ಎಂದಿತು. ಅಂದರೆ ಉತ್ತರಪತ್ರಿಕೆಯನ್ನು ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ, ಮೌಲ್ಯಮಾಪಕನಿಗೆ ಕೊಡಿ ಎಂದ ಹಾಗೆ.

ಎಲ್ಲ ತೀರ್ಪುಗಳೂ ಒಂದೇ ಕಡೆಗೆ ವಾಲಿಲ್ಲ. ಜಮ್ಮುವಿನಲ್ಲಿ ಹಿಡಿದಿಟ್ಟಿದ್ದ ರೋಹಿಂಗ್ಯಾಗಳ ಬಗ್ಗೆ 2021ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. 14 ಮತ್ತು 21ನೆಯ ವಿಧಿಗಳು ಎಲ್ಲ ವ್ಯಕ್ತಿಗಳಿಗೂ ಇವೆ, ಆದರೆ ಗಡಿಪಾರಾಗದಿರುವ ಹಕ್ಕು ದೇಶದಲ್ಲಿ ನೆಲೆಸುವ ಹಕ್ಕಿಗೆ ಹೊಂದಿಕೊಂಡದ್ದು, ನೆಲೆಸುವ ಹಕ್ಕು ಪ್ರಜೆಗಳಿಗೆ ಮಾತ್ರ ಎಂದಿತು. ಕೊನೆಗೆ, ಕಾನೂನಿನ ಕ್ರಮ ಅನುಸರಿಸದೆ ಗಡಿಪಾರು ಮಾಡಬಾರದು ಎಂದಷ್ಟೇ ಹೇಳಿತು. ಕೆಲವರಿಗೆ ಇದು ಸರಿಯೆನಿಸಿದೆ, ಕೆಲವರಿಗೆ ಕಠಿಣವೆನಿಸಿದೆ. ಆದರೆ ಕ್ರಮ ತಪ್ಪಬಾರದು ಎಂಬ ಕನಿಷ್ಠ ಗೆರೆಯನ್ನು ಅಲ್ಲೂ ಅಳಿಸಿಲ್ಲ.

ಮುಂಡಗೋಡದಿಂದ ಹೈಕೋರ್ಟಿಗೆ

ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಬಳಿಕ ಅವರ ಹಿಂದೆಯೇ ಬಂದ ಟಿಬೆಟಿಯನ್ನರಿಗೆ ಎಲ್ಲರಿಗಿಂತ ಹೆಚ್ಚು ನೆಲ ಕೊಟ್ಟದ್ದು ಅಂದಿನ ಮೈಸೂರು ರಾಜ್ಯ. ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರನ್ನು ಟಿಬೆಟಿಯನ್ನರು ಇಂದಿಗೂ ನೆನೆಯುತ್ತಾರೆ. 1960ರಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡ, ಮುಂದೆ ಹುಣಸೂರು ಮತ್ತು ಕೊಳ್ಳೇಗಾಲದ ಕಡೆ ವಸತಿಗಳು ಎದ್ದವು. ಕಾಡು ಕಡಿದು ಜೋಳ ಬೆಳೆದ ಅವರ ಮಕ್ಕಳು ಇಲ್ಲಿಯೇ ಹುಟ್ಟಿದರು. ಇಲ್ಲಿ ಹುಟ್ಟಿದ ಆ ಮಕ್ಕಳು ಭಾರತೀಯರೋ ವಿದೇಶಿಯರೋ ಎಂಬ ಪ್ರಶ್ನೆ ಉಳಿದೇ ಇತ್ತು.

ಮುಂಡಗೋಡದ ಡ್ರೆಪುಂಗ್ ವಿಹಾರದೊಡನೆ ಸಂಬಂಧವಿರುವ ಲಿಂಗ್ ರಿಂಪೋಚೆ 1985ರಲ್ಲಿ ಧರ್ಮಶಾಲೆಯಲ್ಲಿ ಹುಟ್ಟಿದವರು. ಭಾರತೀಯ ಪ್ರಜೆ ಎಂಬ ನೆಲೆಯಲ್ಲಿ ಅವರು ಕೇಳಿದ ಪಾಸ್‌ಪೋರ್ಟ್ ಸಿಗದಾಗ ಕರ್ನಾಟಕ ಹೈಕೋರ್ಟಿಗೆ ಹೋದರು. 1955ರ ಪೌರತ್ವ ಕಾಯ್ದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಹೆತ್ತವರು ಯಾರೆಂಬುದು, ರಾಜತಂತ್ರಜ್ಞರ ಮಕ್ಕಳಂಥ ಕೆಲವು ಅಪವಾದಗಳನ್ನು ಬಿಟ್ಟರೆ, ಮುಖ್ಯವಲ್ಲ. 2010ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ನಮ್‌ಗ್ಯಾಲ್ ಡೋಲ್ಕರ್ ಎಂಬವರ ಪ್ರಕರಣದಲ್ಲಿ ಹೀಗೆಯೇ ತೀರ್ಪು ಕೊಟ್ಟಿತ್ತು. 2013ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು ಕೂಡ ರಿಂಪೋಚೆಯವರು ಹುಟ್ಟಿನಿಂದ ಭಾರತೀಯರೇ ಎಂದು ಒಪ್ಪಿತು. ಇದನ್ನು ಆಧರಿಸಿ 2014ರಲ್ಲಿ ಚುನಾವಣಾ ಆಯೋಗ, ಆ ಅವಧಿಯಲ್ಲಿ ಹುಟ್ಟಿದ ಟಿಬೆಟಿಯನ್ ಮೂಲದವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ನಿರಾಕರಿಸಬಾರದು ಎಂದು ತಿಳಿಸಿತು.

ಇದು ಆಶ್ರಯ ನಿರಾಕರಣೆಯ ಪ್ರಕರಣವಲ್ಲ, ಪೌರತ್ವದ್ದು. ಆದರೆ ಅದರ ಪಾಠ ಒಂದೇ. ಇಲ್ಲಿ ಕೋರ್ಟು ದಯೆ ತೋರಿಸಲಿಲ್ಲ. ಕಾಯ್ದೆಯಲ್ಲಿ ಮೊದಲೇ ಬರೆದಿದ್ದುದನ್ನು ಕಚೇರಿ ಓದಿರಲಿಲ್ಲ, ಓದಿಸಿತು ಅಷ್ಟೆ.

ಮಕ್ಕಳಿಗೂ ಹೆತ್ತವರಿಗೂ

ಇನ್ನು ಕಾಪುವಿನ ಆ ತಂದೆಯ ಪ್ರಶ್ನೆಗೆ ಬರೋಣ. ನಾನು ಅವರಿಗೆ ಹೇಳಿದ್ದು ಇಷ್ಟು.

ಕೋರ್ಟು ಕಥೆಯನ್ನು ಪಾಸು ಮಾಡುವುದಿಲ್ಲ. ಕಥೆ ಸುಳ್ಳಾಗಿದ್ದು ಮಂಡಳಿ ಅದನ್ನು ಸರಿಯಾಗಿ ಕೇಳಿ, ಕಾರಣ ಕೊಟ್ಟು ತಿರಸ್ಕರಿಸಿದ್ದರೆ ವಿಮರ್ಶೆಯಲ್ಲಿ ಹಿಡಿಯಲು ಏನೂ ಉಳಿದಿರುವುದಿಲ್ಲ. ಮೊದಲ ಅರ್ಜಿಯಲ್ಲಿ ಬರೆದದ್ದೇ ಕೊನೆಯವರೆಗೂ ಬೆನ್ನಟ್ಟುತ್ತದೆ, ಆಮೇಲೆ ತಿದ್ದಿದರೆ ಅದೂ ಸಂಶಯಕ್ಕೆ ಕಾರಣವಾಗುತ್ತದೆ. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಕೆನಡಾದ ಕಾನೂನಿನಂತೆ ಐದು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ. ದೇಶ ಬಿಡಬೇಕೆಂಬ ಆದೇಶ ಜಾರಿಗೆ ಬಂದ ಮೇಲೆ 30 ದಿನಗಳೊಳಗೆ ಕ್ರಮಪ್ರಕಾರ ಹೊರಡದಿದ್ದರೆ ಅದು ಗಡಿಪಾರು ಆದೇಶವಾಗುತ್ತದೆ. ಆಮೇಲೆ ಎಂದಾದರೂ ಹೋಗಬೇಕಿದ್ದರೆ ವಿಶೇಷ ಅನುಮತಿ ಬೇಕು. ಹತ್ತಾರು ಲಕ್ಷ ಸಾಲ ಮಾಡಿ ಪಡೆದ ಪದವಿಗೆ ಇಂಥ ಕಲೆ ಅಂಟಿಸಿಕೊಳ್ಳಬೇಕೇ? ಓದಿದವನಾಗಿ ಬಂದ ದಾರಿಯಲ್ಲಿ, ಓದಿದವರಿಗೆಂದೇ ಇರುವ ನಿಯಮಗಳನ್ನು ಹಿಡಿದು ಉಳಿಯಲು ಸಾಧ್ಯವೇ ಎಂದು ಅಲ್ಲಿನ ಪರವಾನಿಗೆ ಪಡೆದ ವಕೀಲರನ್ನೇ ಕೇಳಬೇಕು. ಆಗದಿದ್ದರೆ ಊರಿಗೆ ಬರುವುದು ಸೋಲಲ್ಲ. 1990ರಲ್ಲಿ ಕುವೈತಿನಿಂದ ಬರಿಗೈಯಲ್ಲಿ ಬಂದವರು ಮತ್ತೆ ಬದುಕು ಕಟ್ಟಿಕೊಂಡದ್ದನ್ನು ನಮ್ಮೂರು ನೋಡಿದೆ.

ಇನ್ನೊಂದು ಮಾತು. ನಿಜವಾಗಿ ಜೀವಭಯದಿಂದ ಓಡಿಬಂದವನ ಕೈಯಲ್ಲಿ ಹೆಚ್ಚಾಗಿ ಕಾಗದಪತ್ರ ಇರುವುದಿಲ್ಲ. ಅವನ ಮಾತೇ ಅವನ ಸಾಕ್ಷಿ. ಒಂದೊಂದು ಸುಳ್ಳು ಅರ್ಜಿಯೂ ಆ ಮಾತಿನ ಬೆಲೆಯನ್ನು ಸ್ವಲ್ಪ ಇಳಿಸುತ್ತದೆ. ಹತ್ತು ಸುಳ್ಳು ಕೇಳಿದ ಅಧಿಕಾರಿ ಹನ್ನೊಂದನೆಯವನ ಸತ್ಯವನ್ನೂ ಅನುಮಾನದಿಂದಲೇ ನೋಡುತ್ತಾನೆ. ನಕಲು ಹೊಡೆದವನಿಂದಾಗಿ ಕೊಠಡಿಯ ಎಲ್ಲರ ಉತ್ತರಪತ್ರಿಕೆಯ ಮೇಲೂ ಸಂಶಯ ಬರುವುದು ನಮಗೆ ಗೊತ್ತೇ ಇದೆ.

ಆದರೆ ನಮ್ಮ ಮಕ್ಕಳಲ್ಲಿ ಯಾರಿಗಾದರೂ ನಿಜವಾಗಿಯೇ ಅಂಥ ಆಪತ್ತು ಬಂದರೆ, ಅಥವಾ ಅಂಥ ಆಪತ್ತಿನಿಂದ ಓಡಿಬಂದ ಸಹಪಾಠಿಯೊಬ್ಬ ಮಣಿಪಾಲದ ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯಲ್ಲಿದ್ದರೆ, ನೆನಪಿಡಬೇಕಾದ್ದು ಮೂರು. ಇದ್ದದ್ದನ್ನು ಇದ್ದ ಹಾಗೆ ಮೊದಲ ದಿನವೇ ಹೇಳಬೇಕು. ಪ್ರತಿ ಕಾಗದವನ್ನೂ ಜೋಪಾನ ಮಾಡಬೇಕು. ನಿರಾಕರಣೆಯ ಪತ್ರ ಬಂದ ತಾರೀಕನ್ನು ಬರೆದಿಟ್ಟುಕೊಂಡು ಅಂದೇ ವಕೀಲರನ್ನು ಕಾಣಬೇಕು, ಏಕೆಂದರೆ ದಿನಗಳು ಕಡಿಮೆ.

ಆ ತಂದೆ ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಾಗಾದ್ರೆ ಸುಳ್ಳು ಬರೆದ್ರೆ ಕೋರ್ಟಿನಿಂದ ಉಪಯೋಗವಿಲ್ಲ ಅಂತಾಯ್ತು’ ಎಂದರು. ‘ಉಪಯೋಗವಿದೆ, ಆದರೆ ಅದು ನಿಜ ಹೇಳಿಯೂ ಯಾರೂ ಕೇಳಿಸಿಕೊಳ್ಳದವನಿಗೆ’ ಎಂದೆ. ಅಂದೇ ರಾತ್ರಿ ಮಗನಿಗೆ ಫೋನು ಮಾಡಿ, ಏಜೆಂಟನ ಕಾಗದಕ್ಕೆ ಸಹಿ ಹಾಕಬೇಡ ಎಂದರಂತೆ.